ಜಂತುಹುಳುವಿಗೆ ರಕ್ತಪರೀಕ್ಷೆ ಸಾಲದೆ?



ವರದಾ ತೀರದ ಹೊಸರಿತ್ತಿಯಂಥ ಊರಿನಲ್ಲಿ ಮಗುವಿನ ಮೋರೆ ಬಿಳಿಚಿಕೊಂಡು ಹೊಟ್ಟೆ ಉಬ್ಬಿತೆಂದರೆ, ವೈದ್ಯರಿಗಿಂತ ಮೊದಲೇ ಅಜ್ಜಿ ನಿರ್ಣಯ ಕೊಟ್ಟುಬಿಡುತ್ತಾಳೆ: "ಕೂಸಿಗೆ ಜಂತಾಗ್ಯಾವ." ಮಗುವನ್ನು ಹಾವೇರಿಗೆ ಕರೆತಂದ ತಂದೆಯ ಮಾತೂ ಒಂದೇ: "ರಕ್ತಾ ತಗೊಂಡು ನೋಡ್ರಿ, ಎಲ್ಲಾ ಗೊತ್ತಾಗ್ತದ." ಮಲವನ್ನು ಡಬ್ಬಿಯಲ್ಲಿ ತರಬೇಕೆಂದರೆ ಆತನಿಗೆ ಸಂಕೋಚ, ರಕ್ತ ಕೊಡುವುದರಲ್ಲಿ ಸಂಕೋಚವಿಲ್ಲ. ಬೆರಳ ತುದಿಯ ಒಂದು ಹನಿಯಿಂದ ಕಾಲು ತಾಸಿನಲ್ಲಿ ಉತ್ತರ ಹೇಳುವ ಪಟ್ಟಿಗಳು ಬಂದಿರುವ ಈ ದಿನಗಳಲ್ಲಿ ಆತನ ಬೇಡಿಕೆ ಅಸಹಜವೂ ಅಲ್ಲ. ಆದರೆ ಆ ಹನಿ ರಕ್ತ ನಿಜವಾಗಿ ಏನನ್ನು ಹೇಳುತ್ತದೆ?

ಹೊರಗಿನ ಜೀವಿಯೊಂದು ದೇಹವನ್ನು ಹೊಕ್ಕಾಗ ಅದನ್ನು ಎದುರಿಸಲು ರಕ್ತದಲ್ಲಿ ಪ್ರತಿಕಾಯಗಳೆಂಬ ವಸ್ತುಗಳು ಹುಟ್ಟುತ್ತವೆ. ಪರೀಕ್ಷೆಯ ಪಟ್ಟಿಯ ಮೇಲೆ ಹುಳುವಿನ ಅಂಶವನ್ನು ಮೊದಲೇ ಲೇಪಿಸಿರುತ್ತಾರೆ. ರಕ್ತದಲ್ಲಿ ತಕ್ಕ ಪ್ರತಿಕಾಯವಿದ್ದರೆ ಅದು ಅಲ್ಲಿ ಅಂಟಿಕೊಂಡು ಬಣ್ಣದ ಗೆರೆ ಮೂಡುತ್ತದೆ. ಗೆರೆ ಮೂಡಿದೊಡನೆ ಹುಳು ಇದೆ ಎಂದು ನಾವು ಓದಿಕೊಳ್ಳುತ್ತೇವೆ. ತಪ್ಪಾಗುವುದು ಇಲ್ಲಿಯೇ.

ವ್ಯಾಕರಣ ಪಾಠ ಹೇಳಿ ನಿವೃತ್ತನಾದ ನನಗೆ ಇದು ಕ್ರಿಯಾಪದದ ಕಾಲವನ್ನು ತಪ್ಪಾಗಿ ಓದಿದಂತೆ ತೋರುತ್ತದೆ. ಪ್ರತಿಕಾಯ ಹೇಳುವುದು ಭೂತಕಾಲದ ಮಾತು: "ಬಂದಿತ್ತು" ಎಂದು. ಹುಳು ಸತ್ತು ಹೊರಬಿದ್ದ ಮೇಲೂ ಅದು ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ ರಕ್ತದಲ್ಲಿ ಉಳಿಯಬಲ್ಲದು. ಬರಿಗಾಲಲ್ಲಿ ಹೊಲಗದ್ದೆ ತಿರುಗಿ ಬೆಳೆದವರಲ್ಲಿ ಹಿಂದೆಂದೋ ಬಂದುಹೋದ ಹುಳುವಿನ ಗುರುತು ಹಲವರಿಗೆ ಇದ್ದೀತು. ಒಂದು ಜಾತಿಯ ಹುಳುವಿಗೆಂದು ಹುಟ್ಟಿದ ಪ್ರತಿಕಾಯ ಇನ್ನೊಂದು ಜಾತಿಯ ಪರೀಕ್ಷೆಯಲ್ಲಿ ಗೆರೆ ಮೂಡಿಸುವುದೂ ಉಂಟು. ವಿಷಮಶೀತ ಜ್ವರಕ್ಕೆ ಮಾಡುವ ವೈಡಾಲ್ ಪರೀಕ್ಷೆಯನ್ನು ಬಲ್ಲವರಿಗೆ ಈ ತೊಡಕು ಹೊಸದಲ್ಲ.

ಮಲವಾದರೋ ವರ್ತಮಾನಕಾಲದಲ್ಲಿ ಮಾತಾಡುತ್ತದೆ. ಒಂದು ಹೆಣ್ಣು ದುಂಡುಹುಳು ದಿನಕ್ಕೆ ಸುಮಾರು 2 ಲಕ್ಷ ಮೊಟ್ಟೆಗಳನ್ನಿಡುತ್ತದೆ. ಕರುಳಿನ ಗೋಡೆಗೆ ಕಚ್ಚಿಕೊಂಡು ರಕ್ತ ಹೀರುವ ಕೊಕ್ಕೆಹುಳುವಿನ ಮೊಟ್ಟೆಗಳೂ ಮಲದಲ್ಲಿಯೇ ಹೊರಬರುತ್ತವೆ. ಜಪಾನಿನ ಕಾಟೋ 1954ರಲ್ಲಿ ತೋರಿಸಿದ, ಬ್ರೆಜಿಲ್ಲಿನ ಕಾಟ್ಜ್ 1972ರಲ್ಲಿ ಸುಧಾರಿಸಿದ ವಿಧಾನದಲ್ಲಿ ಸುಮಾರು 42 ಮಿಲಿಗ್ರಾಂ ಮಲವನ್ನು ಗಾಜಿನ ಮೇಲೆ ಹರಡಿ, ಸೂಕ್ಷ್ಮದರ್ಶಕದಲ್ಲಿ ಮೊಟ್ಟೆಗಳನ್ನು ಎಣಿಸುತ್ತಾರೆ. ಹುಳು ಇದೆಯೆ, ಯಾವ ಜಾತಿಯದು, ಬಾಧೆ ಎಷ್ಟು ಎಂಬ ಮೂರಕ್ಕೂ ಇದರಿಂದ ಉತ್ತರ ಸಿಗುತ್ತದೆ.

ಈ ಸಾಕ್ಷಿಗೂ ದೌರ್ಬಲ್ಯಗಳಿವೆ. ಹುಳು ಬಲಿತು ಮೊಟ್ಟೆಯಿಡುವವರೆಗೆ, ಅಂದರೆ ದುಂಡುಹುಳುವಿನಲ್ಲಿ ಎರಡು ಮೂರು ತಿಂಗಳು, ಮಲದಲ್ಲಿ ಏನೂ ಕಾಣದು. ಹುಳುಗಳ ಸಂಖ್ಯೆ ಕಡಿಮೆಯಿದ್ದರೆ ಒಂದು ದಿನದ ಪರೀಕ್ಷೆಯಲ್ಲಿ ತಪ್ಪಿಹೋಗಬಹುದು. ಎರಡು ಮೂರು ದಿನ ನೋಡುವುದು ಲೇಸು. ಕಾಟೋ ವಿಧಾನದಲ್ಲಿ ಕೊಕ್ಕೆಹುಳುವಿನ ಮೊಟ್ಟೆಗಳು ಬೇಗ ಕರಗಿ ಅದೃಶ್ಯವಾಗುವುದರಿಂದ ಒಂದು ತಾಸಿನೊಳಗೇ ನೋಡಿಬಿಡಬೇಕು.

ಹಾಗಾದರೆ ಪ್ರತಿಕಾಯ ಪರೀಕ್ಷೆ ವ್ಯರ್ಥವೆ? ಅಲ್ಲ. ಸ್ಟ್ರಾಂಜಿಲಾಯ್ಡಿಸ್ ಎಂಬ ಹುಳು ಮಲದಲ್ಲಿ ಸುಲಭವಾಗಿ ಕಾಣಸಿಗದು, ದೇಹದಲ್ಲಿ ದಶಕಗಳ ಕಾಲ ಅಡಗಿರಬಲ್ಲದು. ಅಂಥವರಿಗೆ ಸ್ಟಿರಾಯ್ಡ್ ಔಷಧ ಕೊಟ್ಟರೆ ಅದು ಮೈಯೆಲ್ಲ ಹರಡಿ ಪ್ರಾಣಕ್ಕೆ ಎರವಾಗಬಹುದು. 2020ರ ಕೊರೋನಾ ಕಾಲದಲ್ಲಿ ಡೆಕ್ಸಾಮೆಥಾಸೋನ್ ಬಳಕೆ ಹೆಚ್ಚಿದಾಗ ತಜ್ಞರು ಇದೇ ಎಚ್ಚರಿಕೆ ಕೊಟ್ಟರು. ಹಂದಿಯ ಲಾಡಿಹುಳುವಿನ ಮರಿಕೋಶಗಳು ಮೆದುಳನ್ನು ಸೇರಿ ಅಪಸ್ಮಾರ ತಂದಾಗಲೂ ಮಲ ಮೌನವಾಗಿರಬಹುದು. ಅಲ್ಲಿ ಮೆದುಳಿನ ಚಿತ್ರದೊಂದಿಗೆ ರಕ್ತದ ಪ್ರತಿಕಾಯವೂ ನೆರವಾಗುತ್ತದೆ. ಹುಳು ಕರುಳನ್ನು ಬಿಟ್ಟು ಒಳಗೆ ಅಡಗಿದಾಗ ರಕ್ತದ ಮಾತಿಗೆ ಬೆಲೆ ಹೆಚ್ಚು. ಕರುಳಿನಲ್ಲೇ ಇದ್ದಾಗ ಮಲದ ಮಾತಿಗೆ.

2015ರಲ್ಲಿ ಆರಂಭವಾದ ರಾಷ್ಟ್ರೀಯ ಜಂತುಹುಳು ನಿವಾರಣಾ ದಿನದಂದು ಶಾಲೆ, ಅಂಗನವಾಡಿಗಳಲ್ಲಿ ಯಾವ ಪರೀಕ್ಷೆಯೂ ಇಲ್ಲದೆ ಅಲ್ಬೆಂಡಜೋಲ್ ಮಾತ್ರೆ ಕೊಡುತ್ತಾರಲ್ಲ ಎಂದು ಕೆಲವರು ಕೇಳುತ್ತಾರೆ. ಪ್ರತಿ ಮಗುವನ್ನೂ ಪರೀಕ್ಷಿಸುವ ವೆಚ್ಚಕ್ಕಿಂತ ಮಾತ್ರೆಯ ವೆಚ್ಚ ಬಹಳ ಕಡಿಮೆ. ಮಾತ್ರೆ ಸುರಕ್ಷಿತವೂ ಹೌದು. ಅದು ಊರಿಗೆ ಕೊಡುವ ಔಷಧ. ಮಾತ್ರೆ ನುಂಗಿಯೂ ಮಗು ಬಿಳಿಚಿಕೊಂಡೇ ಇದ್ದರೆ, ಆ ಒಂದು ಮಗುವಿನ ಕಾರಣವನ್ನು ಹುಡುಕಬೇಕು. ಅದಕ್ಕೂ ರಕ್ತ ಬೇಕು, ಆದರೆ ಹಿಮೋಗ್ಲೋಬಿನ್ ಎಷ್ಟಿದೆಯೆಂದು ತಿಳಿಯುವುದಕ್ಕೆ. ಹುಳುವಿನ ಸುದ್ದಿಗೆ ಮಲವೇ ಬೇಕು.

ಆದ್ದರಿಂದ, ವೈದ್ಯರು ಆ ಚಿಕ್ಕ ಡಬ್ಬಿಯನ್ನು ಕೈಗಿತ್ತಾಗ ನಾಚಬೇಡಿ. ಗೆರೆ ಮೂಡಿತೆಂದು ಬೇಡದ ಔಷಧ ನುಂಗಿಸಿ, ರಕ್ತಹೀನತೆಯ ನಿಜವಾದ ಕಾರಣ ಹುಡುಕದೆ ಹೋದರೆ ನಷ್ಟ ಮಗುವಿನದು. ಅಜ್ಜಿಯ ಅನುಮಾನ ನಿಜವೋ ಅಲ್ಲವೋ ಎಂಬುದನ್ನು ಆ ಡಬ್ಬಿಯೇ ಹೇಳೀತು.