ಕಚೇರಿಯ ಕುರ್ಚಿಯೂ ನೌಕರರ ಆರೋಗ್ಯವೂ

ದಿನವೆಲ್ಲ ಕುಳಿತು ದುಡಿಯುವವರಿಗೆ ರೋಗವು ಸಮೀಪವೆಂಬುದು ಬರಿಯ ಊಹೆಯಲ್ಲ. ಲಂಡನ್ನಿನ ಬಸ್ಸುಗಳಲ್ಲಿ ಕುಳಿತೇ ಇರುವ ಚಾಲಕರಿಗಿಂತ ಮೆಟ್ಟಿಲು ಹತ್ತಿಳಿಯುವ ನಿರ್ವಾಹಕರಲ್ಲಿ ಹೃದ್ರೋಗವು ಕಡಮೆಯೆಂದು ವೈದ್ಯ ಜೆರೆಮಿ ಮಾರಿಸರು ೧೯೫೩ರಲ್ಲಿಯೇ ತೋರಿಸಿದರು. ಮಿತಾಹಾರ, ನಡಿಗೆಗಳಿಂದ ಮಧುಮೇಹದ ಸಂಭವವು ಕಾಲುಭಾಗಕ್ಕಿಂತ ಹೆಚ್ಚಾಗಿ ತಗ್ಗಿತೆಂದು ನಮ್ಮ ದೇಶದ ಪರಿಶೀಲನೆಯೇ ೨೦೦೬ರಲ್ಲಿ ಸಾರಿತು.

ಆದರೆ ಬೋಧನೆಯೊಂದೇ ಸಾಲದು. ಅಮೆರಿಕದ ದೊಡ್ಡ ವ್ಯಾಪಾರಸಂಸ್ಥೆಯೊಂದರಲ್ಲಿ ೧೮ ತಿಂಗಳು ಆರೋಗ್ಯಪಾಠಗಳು ನಡೆದರೂ ನೌಕರರ ತೂಕವಾಗಲಿ ರಕ್ತದೊತ್ತಡವಾಗಲಿ ಗಣನೀಯವಾಗಿ ಇಳಿಯಲಿಲ್ಲವೆಂದು ೨೦೧೯ರಲ್ಲಿ ಪ್ರಕಟವಾಯಿತು. ಆದುದರಿಂದ ಪಾಠದೊಡನೆ ದುಡಿಮೆಯ ದಿನಚರಿಯೂ ಬದಲಾಗತಕ್ಕದ್ದು. ಕೆಲಸದ ವೇಳೆಯೊಳಗೇ ನಡಿಗೆಗೆ ಅರ್ಧ ಗಂಟೆಯ ಬಿಡುವು, ಉಪಾಹಾರಗೃಹದಲ್ಲಿ ಕರಿದ ತಿಂಡಿಗೆ ಬದಲು ಕಾಳು ತರಕಾರಿ, ಇಷ್ಟನ್ನಾದರೂ ಯಜಮಾನರೂ ಸರಕಾರವೂ ಒದಗಿಸಲಿ. ನೌಕರರ ಆಯುಸ್ಸನ್ನು ಸವೆಯಿಸಿ ಗಳಿಸಿದ ಲಾಭವು ದೇಶಕ್ಕೆ ನಷ್ಟವೇ ಸರಿ.