ಕಚೇರಿಯ ಕಂಪ್ಯೂಟರಿನಲ್ಲಿ ಯಾರ ಹೆಸರು?

ಮುಂಬಯಿಯ ಕೋಟೆ ವಿಭಾಗದ ಸಾಲಿಸಿಟರರ ಕಚೇರಿಗಳಲ್ಲಿ ನಮ್ಮ ಕನ್ನಡಿಗರು ಗುಮಾಸ್ತರಾಗಿ ದುಡಿಯುವುದು ಇಂದು ನಿನ್ನೆಯ ಮಾತಲ್ಲ. ದಾರದಲ್ಲಿ ಬಿಗಿದ ಕಾಗದಪತ್ರಗಳ ಕಟ್ಟು, ವಾಯಿದೆಯ ಡೈರಿ, ಕಪಾಟಿನ ಬೀಗದ ಕೈ ಇವು ಮೂರೂ ಹಿರಿಯ ಗುಮಾಸ್ತನ ವಶದಲ್ಲಿದ್ದ ಕಾಲವೊಂದಿತ್ತು. ಈಗ ಅನೇಕ ಕಚೇರಿಗಳಲ್ಲಿ ಮೊಕದ್ದಮೆಗಳ ಸಾಫ್ಟ್‌ವೇರ್ ಆ ಮೂರನ್ನೂ ನುಂಗಿ ಕುಳಿತಿದೆ. ಕಕ್ಷಿಗಾರನ ವಿವರ, ಮುಂದಿನ ತಾರೀಖು, ಅರ್ಜಿಯ ಕರಡು, ಬಿಲ್ಲು ಎಲ್ಲವೂ ಅದರ ಹೊಟ್ಟೆಯೊಳಗೆ. ಒಳಹೊಗಬೇಕಾದರೆ ಪ್ರತಿಯೊಬ್ಬನಿಗೂ ಒಂದು ಖಾತೆ ಬೇಕು. ಆ ಖಾತೆಗಳನ್ನು ತೆರೆಯುವ ಕೆಲಸವು ಎಷ್ಟೋ ಕಡೆ ಗುಮಾಸ್ತನ ಪಾಲಿಗೇ ಬರುತ್ತದೆ.

ನಾನು ಕೆಲಸಕ್ಕಿದ್ದ ಒಂದು ಕಚೇರಿಯಲ್ಲಿ ಹತ್ತು ಮಂದಿಗೆ ಮೂರೇ ಖಾತೆಗಳಿದ್ದವು. ಇಂಥ ಸಾಫ್ಟ್‌ವೇರಿಗೆ ಸಾಮಾನ್ಯವಾಗಿ ತಲೆಯೊಂದಕ್ಕೆ ಇಷ್ಟು ಎಂದು ಬಾಡಿಗೆ ತೆರಬೇಕಾದ್ದರಿಂದ ಯಜಮಾನರಿಗೆ ಅದು ಉಳಿತಾಯವಾಗಿ ಕಂಡಿತು. ನನ್ನ ಹೆಸರಿನ ಖಾತೆಯನ್ನು ನಾಲ್ವರು ಬಳಸುತ್ತಿದ್ದರು. ಒಂದು ಸಂಜೆ ಯಾರೋ 12ನೆಯ ತಾರೀಖನ್ನು 21 ಎಂದು ತಿದ್ದಿದರು. ವಕೀಲರು ಹಾಜರಾಗಲಿಲ್ಲ, ಅರ್ಜಿ ವಜಾ ಆಯಿತು. ಖರ್ಚು ತೆತ್ತು ಅದನ್ನು ಪುನಃ ಬೋರ್ಡಿಗೆ ತಂದರೆನ್ನಿ. ಆದರೆ ಯಾರು ಯಾವಾಗ ಏನನ್ನು ಮುಟ್ಟಿದರೆಂಬ ದಾಖಲೆಯನ್ನು ಯಂತ್ರವು ಇಟ್ಟುಕೊಂಡಿರುತ್ತದೆ. ಅದರಲ್ಲಿದ್ದುದು ನನ್ನ ಹೆಸರು, ಸಂಜೆ 7 ಗಂಟೆ 40 ನಿಮಿಷ. ಆ ಹೊತ್ತಿಗೆ ನಾನು ಲೋಕಲ್ ಗಾಡಿಯಲ್ಲಿ ದಾದರ್ ದಾಟಿದ್ದೆ. ಸಾಕ್ಷಿ ಯಾರು? ಆ ವರ್ಷ ದೀಪಾವಳಿಯ ಬೋನಸ್ಸಿಗೆ ಕತ್ತರಿ ಬಿತ್ತು.

ಹೋಟೆಲಿನಲ್ಲಿ ಗಲ್ಲೆಯ ಮೇಲೆ ಕುಳಿತವನು ಇನ್ನೊಬ್ಬನಿಗೆ ಜಾಗ ಬಿಡುವ ಮೊದಲು ಹಣ ಎಣಿಸಿ ಒಪ್ಪಿಸುತ್ತಾನೆ. ಕಚೇರಿಯ ಖಾತೆಗೆ ಮಾತ್ರ ನಾವು ಆ ಎಚ್ಚರವನ್ನು ತೋರುವುದಿಲ್ಲ.

ಖಾತೆ ತೆರೆಯುವಾಗ ಎಲ್ಲಕ್ಕೂ ಮೇಲೆ ಒಂದು ಆಡಳಿತದ ಖಾತೆ ಇರುತ್ತದೆ. ಇತರರನ್ನು ಸೇರಿಸುವುದು, ತೆಗೆಯುವುದು ಅದರಿಂದಲೇ. ದಿನನಿತ್ಯದ ಕೆಲಸಕ್ಕೆ ಅದನ್ನು ಬಳಸಬಾರದು. ಅದರ ಅಧಿಕಾರವು ಒಬ್ಬ ಪಾಲುದಾರರ ಬಳಿಯೂ ಇರಲಿ. ಹೊಸಬನ ಸ್ವಂತ ಕಚೇರಿ ಇ-ಮೇಲಿಗೆ ಆಹ್ವಾನ ಕಳುಹಿಸಿದರೆ ಅವನೇ ತನ್ನ ಪಾಸ್‌ವರ್ಡನ್ನು ಇಟ್ಟುಕೊಳ್ಳುತ್ತಾನೆ. ನಮ್ಮವರು ಎಡವುವುದು ಇಲ್ಲಿಯೇ. ಸಾಹೇಬರಿಗೆ ಪುರಸತ್ತಿಲ್ಲವೆಂದು ಗುಮಾಸ್ತನೇ ಎಲ್ಲರ ಪಾಸ್‌ವರ್ಡುಗಳನ್ನೂ ಇಟ್ಟು, ಚೀಟಿಯಲ್ಲಿ ಬರೆದು ಮೇಜಿನ ಖಾನೆಯಲ್ಲಿಡುತ್ತಾನೆ. ಸಾಹೇಬರ ಖಾತೆಯ ಸಂಕೇತಾಂಕವೂ ಅವನ ಫೋನಿಗೇ ಬರುವಂತೆ ಮಾಡಿಕೊಳ್ಳುತ್ತಾನೆ. ಇದು ಸೇವಾಭಾವವಾಗಿ ಕಂಡರೂ, ನಾಳೆ ಏನಾದರೂ ಸೋರಿದರೆ ಎಲ್ಲ ಬೆರಳುಗಳೂ ಅವನತ್ತಲೇ ತಿರುಗುತ್ತವೆ.

ಯಾರಿಗೆ ಎಷ್ಟು ಕಾಣಬೇಕೆಂಬುದನ್ನೂ ಆಗಲೇ ಗೊತ್ತುಪಡಿಸಬೇಕು. ಲೆಕ್ಕದವನಿಗೆ ಬಿಲ್ಲು ಸಾಕು. ಕಲಿಯಲು ಬಂದ ಹುಡುಗನಿಗೆ ಅವನಿಗೆ ವಹಿಸಿದ ಮೊಕದ್ದಮೆ ಸಾಕು. ಎದುರು ಪಕ್ಷದ ಕಚೇರಿಯಿಂದ ಬಂದು ಸೇರಿದ ವಕೀಲರಿದ್ದರೆ ಆ ಮೊಕದ್ದಮೆಯು ಅವರ ಕಣ್ಣಿಗೆ ಬೀಳದಂತೆ ಗೋಡೆ ಹಾಕಬೇಕು.

ಇದು ಕೇವಲ ಶಿಸ್ತಿನ ಮಾತಲ್ಲ. ಕಕ್ಷಿಗಾರನು ವಕೀಲರಿಗೆ ತಿಳಿಸಿದ ಗುಟ್ಟನ್ನು ಅವನ ಒಪ್ಪಿಗೆಯಿಲ್ಲದೆ ಹೊರಗೆಡಹಬಾರದೆಂಬ ಕಟ್ಟಳೆಯನ್ನು 1872ರ ಸಾಕ್ಷ್ಯ ಕಾಯಿದೆಯ 127ನೆಯ ಕಲಮು ವಕೀಲರ ಗುಮಾಸ್ತರಿಗೂ ಅನ್ವಯಿಸಿತ್ತು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದ 132ನೆಯ ಕಲಮಿನಲ್ಲಿಯೂ ಗುಮಾಸ್ತರ ಹೆಸರಿದೆ. ಇನ್ನು, ಪರರ ಪಾಸ್‌ವರ್ಡನ್ನು ಮೋಸದಿಂದ ಬಳಸಿದವನಿಗೆ ಮಾಹಿತಿ ತಂತ್ರಜ್ಞಾನ ಕಾಯಿದೆಯ 66ಸಿ ಕಲಮಿನಂತೆ 3 ವರ್ಷಗಳವರೆಗೆ ಸಜೆಯೂ 1 ಲಕ್ಷ ರೂಪಾಯಿಗಳವರೆಗೆ ದಂಡವೂ ಉಂಟು. ಆದರೆ ನಾವೇ ಕೈಯಾರೆ ಕೊಟ್ಟ ಮೇಲೆ ಮೋಸವೆಂದು ಸಾಧಿಸುವುದೆಂತು?

ಕೆಲಸ ಬಿಡುವ ದಿನ ಇನ್ನೊಂದು ಗಮನವಿರಲಿ. ಬಾಕಿ ಸಂಬಳವನ್ನೂ ಅನುಭವದ ಪತ್ರವನ್ನೂ ಕೇಳುವಂತೆಯೇ, ಖಾತೆಯನ್ನು ಮುಚ್ಚಿದ್ದಾರೆಂಬ ಒಂದು ಸಾಲಿನ ಲಿಖಿತವನ್ನೂ ಕೇಳಿರಿ. ಖಾತೆಯನ್ನು ಅಳಿಸಬೇಕಾಗಿಲ್ಲ, ನಿಷ್ಕ್ರಿಯಗೊಳಿಸಿದರೆ ಸಾಕು. ಹಳೆಯ ದಾಖಲೆ ಉಳಿಯುತ್ತದೆ, ಹೊಸದಾಗಿ ಯಾರೂ ನಿಮ್ಮ ಹೆಸರಿನಲ್ಲಿ ಒಳಹೊಗಲಾರರು. ನಾನು ಆ ಕಚೇರಿಯನ್ನು ಬಿಟ್ಟಾಗ ಇದನ್ನು ಕೇಳಲಿಲ್ಲ. ನಾಲ್ಕು ತಿಂಗಳ ತರುವಾಯ ಅಲ್ಲಿನ ಗೆಳೆಯನೊಬ್ಬನು ಚಹಾ ಕುಡಿಯುತ್ತ, “ನಿನ್ನ ಹೆಸರಿನಲ್ಲಿ ಇನ್ನೂ ತಾರೀಖು ಬರೆಯುತ್ತಿದ್ದೇವೆ ಮಾರಾಯ” ಎಂದು ನಕ್ಕನು.