ಒಂದೊಂದು ಪ್ರಶ್ನೆಗೂ ಒಂದು ಬೆಲೆ

ಮನೆಯ ಗೋಡೆಯ ಮೇಲಿನ ವಿದ್ಯುತ್ ಮೀಟರನ್ನು ನಾವೆಲ್ಲರೂ ನೋಡಿದ್ದೇವೆ. ನಾವು ನಿದ್ರಿಸುತ್ತಿದ್ದರೂ, ದೀಪ ಉರಿಯುತ್ತಿದ್ದರೆ ಅದು ಎಣಿಸುತ್ತಲೇ ಇರುತ್ತದೆ. ಇಂತಹುದೇ ಮೀಟರೊಂದು ಇಂದು ಕಂಪ್ಯೂಟರುಗಳ ನಡುವೆಯೂ ಓಡುತ್ತಿದೆ.

ಫೋನಿನಲ್ಲಿ ಹವಾಮಾನವನ್ನು ತಿಳಿಸುವ ಆಪ್ ಹೊರಗಿನ ಉಷ್ಣತೆಯನ್ನು ತಾನೇ ಅಳೆಯುವುದಿಲ್ಲ. ದೂರದ ಸರ್ವರೊಂದನ್ನು ಕೇಳಿ ತಿಳಿಯುತ್ತದೆ. ಹೀಗೆ ಒಂದು ಪ್ರೋಗ್ರಾಮು ಮತ್ತೊಂದನ್ನು ಕ್ರಮವರಿತು ಕೇಳಲೆಂದು ಇಟ್ಟಿರುವ ಬಾಗಿಲಿಗೆ ಎಪಿಐ ಎಂದು ಹೆಸರು. ಒಂದು ಸಲ ಕೇಳುವುದೇ ಒಂದು ಕರೆ. ಈ ಬಾಗಿಲಿನ ಪ್ರವೇಶವನ್ನು ಮಾರುವವರುಂಟು. ಅವರನ್ನೂ ಕೊಳ್ಳುವವರನ್ನೂ ಕೂಡಿಸುವ ಮಂಡಿಗಳೂ ಉಂಟು. ಅವುಗಳಲ್ಲಿ ಹೆಸರಾದುದು ರ‍್ಯಾಪಿಡ್ ಎಪಿಐ. ಇದರ ತಂತ್ರಜ್ಞಾನವನ್ನು 2024ರಲ್ಲಿ ನೋಕಿಯಾ ಕಂಪನಿಯು ಕೊಂಡಿತು. ಮಾರಾಟದ ಹಣದಲ್ಲಿ ಶೇಕಡಾ 25ನ್ನು ಮುರಿದುಕೊಳ್ಳುವ ಪದ್ಧತಿಯನ್ನು ಈ ಮಂಡಿ ಇರಿಸಿಕೊಂಡಿತ್ತು.

ಒಂದು ಲೆಕ್ಕ ಮಾಡೋಣ. ತಿಂಗಳಿಗೆ 10 ಡಾಲರ್ ಕೊಟ್ಟರೆ 10,000 ಕರೆಗಳು. ಮೀರಿದ ಪ್ರತಿಯೊಂದು ಕರೆಗೆ 0.001 ಡಾಲರ್ ಎಂದು ಭಾವಿಸೋಣ. ವಿದ್ಯಾರ್ಥಿಯೊಬ್ಬನ ಪ್ರೋಗ್ರಾಮು ಸೆಕೆಂಡಿಗೊಮ್ಮೆ ಉಷ್ಣತೆಯನ್ನು ಕೇಳುತ್ತದೆ. ಮೂರು ಗಂಟೆ ತುಂಬುವುದರೊಳಗೆ ಮಿತಿ ಮುಗಿಯಿತು! ಕೆಲವು ಯೋಜನೆಗಳಲ್ಲಿ ಆಗ ಬಾಗಿಲು ಮುಚ್ಚುತ್ತದೆ. ಕೆಲವುಗಳಲ್ಲಿ ಅದು ತೆರೆದೇ ಇದ್ದು ಮೀಟರು ಓಡುತ್ತದೆ. ಒಂದು ದಿನಕ್ಕೆ 86,400 ಕರೆಗಳು. ಮಿತಿ ಮೀರಿದವು 76,400. ಬಿಲ್ಲು 86.40 ಡಾಲರ್.

ಈ ಹಣ ಯಾರಿಗೆ ಸೇರುತ್ತದೆ? ಶೇಕಡಾ 25ರಂತೆ 21.60 ಡಾಲರ್ ಮಂಡಿಗೆ, 64.80 ಮಾರಿದವನಿಗೆ. ಅವನಿಗೆ ಸರ್ವರು ಮುಂತಾದವುಗಳ ಖರ್ಚು 60 ಡಾಲರ್ ಆಗಿದ್ದರೆ ಕೈಯಲ್ಲಿ ಉಳಿಯುವುದು 4.80 ಮಾತ್ರ. ಮಂಡಿಯ ಪಾಲು ಮಾರಾಟದ ಮೊತ್ತದ ಮೇಲೆಯೇ ಹೊರತು ಲಾಭದ ಮೇಲಲ್ಲ ಎಂಬುದನ್ನು ಗಮನಿಸಬೇಕು. ಗಿರಾಕಿಗಳನ್ನು ತರುವುದು, ಕರೆಗಳನ್ನು ಎಣಿಸುವುದು, ಹಣ ವಸೂಲು ಮಾಡುವುದು, ಇವೆಲ್ಲ ಮಂಡಿಯ ಕೆಲಸವೆಂಬುದು ನಿಜ. ಆದರೂ ತನ್ನ ಎಪಿಐಯನ್ನು ಮಾರಹೊರಟ ತರುಣನು ಈ ಪಾಲನ್ನು ಮೊದಲೇ ಕಳೆದು ಬೆಲೆ ಕಟ್ಟದಿದ್ದರೆ, ವ್ಯಾಪಾರ ಬೆಳೆದಂತೆ ನಷ್ಟವೂ ಬೆಳೆಯಬಹುದು.

ಇನ್ನು ಕೊಳ್ಳುವವನಿಗೆ ಭೌತವಿಜ್ಞಾನವೇ ದಾರಿ ತೋರುತ್ತದೆ. ಗಾಳಿಯ ಉಷ್ಣತೆಯು ಸೆಕೆಂಡಿಗೊಮ್ಮೆ ಹೇಳಿಕೊಳ್ಳುವಷ್ಟು ಬದಲಾಗುವುದಿಲ್ಲ. ಹತ್ತು ನಿಮಿಷಕ್ಕೊಮ್ಮೆ ಕೇಳಿ, ಬಂದ ಉತ್ತರವನ್ನು ನೆನಪಿನಲ್ಲಿಟ್ಟುಕೊಳ್ಳುವಂತೆ ಪ್ರೋಗ್ರಾಮನ್ನು ಬರೆದರೆ ದಿನಕ್ಕೆ 144 ಕರೆ, ಮೂವತ್ತು ದಿನಕ್ಕೆ 4,320. ಮಿತಿಯ ಅರ್ಧವೂ ಆಗಲಿಲ್ಲ! ಅಳೆಯಬೇಕಾದ ವಸ್ತು ಎಷ್ಟು ಬೇಗ ಬದಲಾಗುತ್ತದೆಂಬುದನ್ನು ಅರಿತು ಅಳೆಯಬೇಕೆಂದು ಪ್ರಯೋಗಶಾಲೆಯಲ್ಲಿ ನಾವು ಹೇಳುತ್ತಿರುತ್ತೇವೆ. ಆ ಮಾತು ಹಣದ ಚೀಲಕ್ಕೂ ಅನ್ವಯಿಸುತ್ತದೆ.